ಮಿಠಾಯಿ ಮೇಷ್ಟ್ರ ತಟ್ಟೆ

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಹೇಳುವುದನ್ನೆಲ್ಲ ಜನ ಕನಿಕರ ಎಂದುಕೊಂಡಾರು. ಶಾಲೆಯಲ್ಲಿ ನಾನು ಭಾಷೆ ಕಲಿಸುವವಳು, ಅವರು ವಿಜ್ಞಾನ. ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಬರೀ ಒಂದು ಪ್ಲೈವುಡ್ ಹಲಗೆ. ನಾನು ಪದ್ಯ ಓದಿಸುತ್ತಿದ್ದರೆ ಆ ಕಡೆಯಿಂದ ಮಕ್ಕಳು ‘ಹೋ’ ಎನ್ನುತ್ತಿದ್ದವು, ನನ್ನ ಮಕ್ಕಳ ಕಿವಿಯೆಲ್ಲ ಅತ್ತ ಹೋಗುತ್ತಿತ್ತು. ಸಾಲದ್ದಕ್ಕೆ ಟೀ ಹೊತ್ತಿನಲ್ಲಿ ಎಲ್ಲರ ಎದುರಿಗೆ, ನಿಮ್ಮ ಪಾಠವೆಲ್ಲ ಯಾರೋ ಹೇಳಿದ್ದು ಟೀಚರ್, ನಮ್ಮದು ಕಣ್ಣಾರೆ ಕಂಡದ್ದು ಎಂದು ನಗುತ್ತಿದ್ದರು. ಆ ನಗು ನನಗೆ ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ದಿನವಿಡೀ ಕಿರಿಕಿರಿ ಮಾಡುತ್ತಿತ್ತು.

ಊರಿಗೆಲ್ಲ ಅವರು ಮಿಠಾಯಿ ಮೇಷ್ಟ್ರು. ಚಳಿ ಶುರುವಾಯಿತೆಂದರೆ ಅಂಗಡಿಗಳಲ್ಲಿ ಆ ಕಾಲಕ್ಕೆ ಮಾತ್ರ ಬರುವ ಮಿಠಾಯಿಗಳು ತುಂಬಿಕೊಳ್ಳುತ್ತವೆ: ಕೆಂಪು-ಬಿಳಿ ಪಟ್ಟೆಯ ಕಡ್ಡಿಗಳು, ನಾಲಿಗೆ ಮೇಲಿಟ್ಟರೆ ಚಟಪಟ ಎನ್ನುವ ಹರಳುಗಳು, ಅಂಗಿಯ ಗುಂಡಿಯಷ್ಟು ಚಪ್ಪಟೆಯಾಗಿ ಬಣ್ಣಬಣ್ಣವಾಗಿರುವ ‘ಗುಂಡಿ ಮಿಠಾಯಿ’. ಬಿಸಿಲು ಬಲಿತ ಮೇಲೆ ಅವನ್ನು ಮೂಸಿ ನೋಡುವವರಿಲ್ಲ. ಚಳಿಯ ಕೊನೆಯಲ್ಲಿ ಅಂಗಡಿಗಳಲ್ಲಿ ಉಳಿದ, ತುದಿ ಮುರಿದ, ಒಂದಕ್ಕೊಂದು ಅಂಟಿಕೊಂಡ ಮಾಲನ್ನೆಲ್ಲ ಮೇಷ್ಟ್ರು ಚೀಲ ತುಂಬಿಕೊಂಡು ಬರುತ್ತಿದ್ದರು. ಆಮೇಲೆ ಬೇಸಿಗೆ ರಜದ ತನಕ ಅವರ ಪಾಠವೆಲ್ಲ ಮಿಠಾಯಿಯದೇ.

ಪ್ರಯೋಗಗಳು ಎಂಥವರೂ ಮಾಡಬಹುದಾದಂಥವು. ಒಂದು ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು; ಎರಡಕ್ಕೂ ಒಂದೊಂದು ಪಟ್ಟೆ ಕಡ್ಡಿ ಇಳಿಬಿಟ್ಟು ಯಾವುದು ಮೊದಲು ಕರಗುತ್ತದೆ ಎಂದು ಪಂದ್ಯ. ಹಸಿರು ಮಿಠಾಯಿಯ ಬಣ್ಣವನ್ನು ಒಂದು ಹನಿ ನೀರಿನಲ್ಲಿ ಬಿಡಿಸಿ, ಹೀರುಕಾಗದದ ಪಟ್ಟಿಗೆ ಬೊಟ್ಟಿಟ್ಟು, ಕೆಳಗಿನ ತುದಿಯನ್ನು ನೀರಿಗೆ ತಾಗಿಸಿದರೆ ಹಸಿರು ಎಂಬುದು ಹಳದಿ ಮತ್ತು ನೀಲಿಯಾಗಿ ಒಡೆದು ಮೇಲೇರುವುದು. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ತಟ್ಟೆಯ ಪ್ರಯೋಗ. ಅಗಲವಾದ ಬಿಳಿ ತಟ್ಟೆಯ ಅಂಚಿಗೆ ಸುತ್ತಲೂ ಗುಂಡಿ ಮಿಠಾಯಿಗಳನ್ನು ಜೋಡಿಸಿ, ನಡುವೆ ಮೆಲ್ಲಗೆ ಉಗುರುಬೆಚ್ಚಗಿನ ನೀರು ಹೊಯ್ಯಬೇಕು. ಒಂದೊಂದು ಮಿಠಾಯಿಯೂ ತನ್ನ ಬಣ್ಣ ಬಿಡುತ್ತ ನಡುವಿನ ಕಡೆ ಹೊರಡುತ್ತದೆ. ಕೆಂಪಿನ ಪಕ್ಕದಲ್ಲಿ ಹಳದಿ, ಹಳದಿಯ ಪಕ್ಕದಲ್ಲಿ ನೀಲಿ. ಆದರೆ ಗೆರೆ ಎಳೆದ ಹಾಗೆ ಯಾವುದೂ ಇನ್ನೊಂದರೊಳಗೆ ಕಾಲಿಡುವುದಿಲ್ಲ. ತಟ್ಟೆ ಮಾತ್ರ ಅಲ್ಲಾಡಬಾರದು.

ತಿನ್ನುವಂತಿಲ್ಲ ಎಂಬುದು ಅವರ ಮೊದಲ ಕಾನೂನು. ವರ್ಷವಿಡೀ ಬಾಯಿಗೆ ಸಿಹಿ ಕಾಣದ ಮಕ್ಕಳೂ ಆ ತರಗತಿಯಲ್ಲಿದ್ದವು. ಅವುಗಳ ಮೂಗಿನ ನೇರಕ್ಕೆ ಮಿಠಾಯಿ ಇಟ್ಟು, ಅದು ನೀರುಪಾಲಾಗುವುದನ್ನು ನೋಡುತ್ತ ಕೂರಿಸುವುದು ನನಗೆ ಯಾವತ್ತೂ ವಿಜ್ಞಾನ ಎನ್ನಿಸಲಿಲ್ಲ.

ಎರಡನೆಯ ಕಾನೂನು ಇನ್ನೂ ಬಿಗಿ. ಕಂಡದ್ದನ್ನು ಹೇಳಬೇಕು, ಕಲಿತದ್ದನ್ನಲ್ಲ. ಪುಸ್ತಕದಲ್ಲಿರುವುದನ್ನೋ ಅಕ್ಕ ಹೇಳಿಕೊಟ್ಟದ್ದನ್ನೋ ಯಾರಾದರೂ ಒಪ್ಪಿಸಿದರೆ, ಸುಳ್ಳು ಎಂದು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಮುಂದೆ ಏನಾಗುತ್ತದೆ ಎಂದು ತಾವಾಗಿ ಎಂದೂ ಬಾಯಿ ಬಿಡುತ್ತಿರಲಿಲ್ಲ. ಏನು ಕಾಣಿಸ್ತಿದೆ, ಈಗ ಏನು ಕಾಣಿಸ್ತಿದೆ ಎಂದು ಕೇಳುತ್ತ ಬೆಂಚುಗಳ ನಡುವೆ ಓಡಾಡುತ್ತಿದ್ದರು. ಮಕ್ಕಳು ಹೇಳಿದ್ದನ್ನೇ ಪೋಣಿಸಿ ಪಾಠ ಮಾಡುತ್ತಿದ್ದರು. ತನಿಖೆಗೆ ಬಂದವರೆಲ್ಲ ಈ ಪದ್ಧತಿಯನ್ನು ಹಾಡಿ ಹೊಗಳಿ ಹೋಗುತ್ತಿದ್ದರು.

ನನಗೆ ಬಹಳ ತಡವಾಗಿ ತಿಳಿದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಮೇಷ್ಟ್ರಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕತ್ತಲೆಯಲ್ಲ. ದೃಷ್ಟಿಯ ನಡುಭಾಗ ಸತ್ತಿತ್ತು. ನೇರ ನೋಡಿದ ಜಾಗದಲ್ಲಿ ಮಸಿ ಮೆತ್ತಿದ ಹಾಗೆ, ಅಂಚಿನಲ್ಲಿ ಮಾತ್ರ ಒಂದಿಷ್ಟು ಮಸುಕು ಬೆಳಕು. ಬಾಗಿಲು ಯಾವುದು, ಬೆಂಚು ಯಾವುದು, ಎದುರಿಗೆ ಮನುಷ್ಯರಿದ್ದಾರೋ ಇಲ್ಲವೋ ತಿಳಿಯುತ್ತಿತ್ತು. ಮುಖ ತಿಳಿಯುತ್ತಿರಲಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಇದು ವಾಸಿಯಾಗುವುದಲ್ಲ, ಮುಂದೆ ಇನ್ನೂ ಕಡಿಮೆಯಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿ ಕೆಲವು ವರ್ಷಗಳೇ ಆಗಿದ್ದವು. ಕಣ್ಣು ಕಾಣದವರನ್ನು ಬಿಸಿನೀರು, ಗಾಜು, ಮಕ್ಕಳು ಇರುವ ಕೋಣೆಯಲ್ಲಿ ಶಾಲೆ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಗೊತ್ತಾದ ದಿನವೇ ಮನೆ ದಾರಿ. ಆ ಕೋಣೆ ಬಿಟ್ಟರೆ ಅವರಿಗೆ ಈ ಭೂಮಿಯ ಮೇಲೆ ನಿಲ್ಲಲು ಬೇರೆ ಜಾಗವಿರಲಿಲ್ಲ. ಗೆಳೆಯರಿಲ್ಲ, ಹವ್ಯಾಸವಿಲ್ಲ, ಮಕ್ಕಳಾಗಿರಲಿಲ್ಲ. ಅಲ್ಲಿ ಅವರು ಮೇಷ್ಟ್ರು, ಹೊರಗೆ ಬಂದರೆ ಯಾರೋ ಕೈ ಹಿಡಿದು ರಸ್ತೆ ದಾಟಿಸಬೇಕಾದ ಮುದುಕ.

ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಗುಳಿಗೆಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕೈ ಅದು. ಪಾಠದ ಹಿಂದಿನ ಸಂಜೆ ಖಾನೆಗಳಿರುವ ಡಬ್ಬಿಯೊಂದರಲ್ಲಿ ಕೆಂಪು ಮೊದಲು, ಹಳದಿ ಆಮೇಲೆ ಎಂದು ಗುಂಡಿ ಮಿಠಾಯಿಗಳನ್ನು ಸಾಲಾಗಿ ತುಂಬಿ ಕೊಡುತ್ತಿದ್ದಳು. ಮೇಷ್ಟ್ರು ಬೆರಳಿನಲ್ಲಿ ಖಾನೆ ಎಣಿಸಿ ತಟ್ಟೆಗೆ ಜೋಡಿಸುತ್ತಿದ್ದರು, ತಟ್ಟೆಯ ಅಂಚಿಗೆ ಬೆರಳಿಟ್ಟು ನೀರು ಹೊಯ್ಯುತ್ತಿದ್ದರು. ಆಕೆಯ ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಖಾರ. ಕಣ್ಣಿದ್ದಾಗಲೇ ನನ್ನ ಮುಖ ಸರಿಯಾಗಿ ನೋಡ್ಲಿಲ್ಲ, ಈಗ ಯಾರ ಮಕ್ಕಳನ್ನ ನೋಡೋಕೆ ಹೋಗ್ತೀರಿ ಎನ್ನುತ್ತಿದ್ದಳಂತೆ. ಆದರೂ ಬೆಳಿಗ್ಗೆ ಫ್ಲಾಸ್ಕಿಗೆ ಹದವಾದ ನೀರು ತುಂಬಿ, ಶಾಲೆಯ ಗೇಟಿನ ತನಕ ಜೊತೆಗೆ ನಡೆದು ಬರುತ್ತಿದ್ದಳು. ಗಂಡನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು.

ಹಾಗೆ ನೋಡಿದರೆ ಅವರ ಹೆಸರಾಂತ ಪದ್ಧತಿ ಹುಟ್ಟಿದ್ದೇ ಕಣ್ಣು ಹೋದ ಮೇಲೆ. ಮೊದಲೆಲ್ಲ ತಾವೇ ನೋಡಿ ತಾವೇ ಹೇಳುತ್ತಿದ್ದ ಮನುಷ್ಯ, ಇದ್ದಕ್ಕಿದ್ದ ಹಾಗೆ ಎಲ್ಲವನ್ನೂ ಮಕ್ಕಳ ಬಾಯಿಂದ ಹೇಳಿಸಲು ತೊಡಗಿದರು. ತಮ್ಮ ಕೊರತೆಯನ್ನೇ ಹೊದಿಕೆ ಮಾಡಿಕೊಂಡು ಕೂತರು. ಬುದ್ಧಿವಂತರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ವರ್ಷ ಅವರ ತರಗತಿಯಲ್ಲಿ ದರ್ಜಿಯ ಮಗಳೊಬ್ಬಳಿದ್ದಳು. ಕಡ್ಡಿಯ ಹಾಗಿದ್ದ ಹುಡುಗಿ. ಸ್ವೆಟರಿನ ಮೇಲೆ ಯಾವಾಗಲೂ ನಾಲ್ಕು ಎಳೆ ದಾರ ಅಂಟಿಕೊಂಡಿರುತ್ತಿದ್ದವು. ಅಪ್ಪನ ಹೊಲಿಗೆ ಯಂತ್ರದ ಪಕ್ಕ ಕೂತು ಬಟ್ಟೆಗೆ ದಾರ ಹೊಂದಿಸಿ ಕೊಟ್ಟು ಬೆಳೆದವಳು. ನಮಗೆ ನೀಲಿ ಎಂದರೆ ಒಂದೇ ನೀಲಿ, ಅವಳಿಗೆ ಎಂಟು ಹತ್ತು. ಮಾತು ಕಡಿಮೆ. ಕೇಳಿದರೆ ಮಾತ್ರ ಹೇಳುತ್ತಿದ್ದಳು, ಹೇಳಿದರೆ ಸರಿಯಾಗಿ ಹೇಳುತ್ತಿದ್ದಳು. ಮೇಷ್ಟ್ರಿಗೆ ಅವಳೆಂದರೆ ಅಚ್ಚುಮೆಚ್ಚು, ಏಕೆಂದರೆ ಅವಳ ಬಾಯಿಂದ ಬಂದ ಬಣ್ಣವನ್ನು ಅವರು ಕಣ್ಣು ಮುಚ್ಚಿ ನಂಬಬಹುದಿತ್ತು. ಆ ಚಳಿಯ ಕೊನೆಯಲ್ಲಿ ಮಿಠಾಯಿ ಪಾಠ ಶುರುವಾದಾಗ ಮೊದಲು ಅವಳನ್ನೇ ಕೇಳುತ್ತಿದ್ದರು.

ತಟ್ಟೆಯ ಪ್ರಯೋಗದ ದಿನ ಆ ನಂಬಿಕೆ ಮುರಿದುಬಿತ್ತು. ಅವಳು ತಟ್ಟೆಗೆ ಎಲ್ಲರಿಗಿಂತ ಹತ್ತಿರ ಕೂತಿದ್ದಳು. ಹಿಂದಿನ ಬೆಂಚಿನ ಯಾರೋ ಎದ್ದು ಇಣುಕುವಾಗ ಮೇಜು ಅಲುಗಿತು, ನೀರು ತುಳುಕಿತು, ಬಣ್ಣಗಳೆಲ್ಲ ಒಂದರೊಳಗೊಂದು ನುಗ್ಗಿಬಿಟ್ಟವು. ಮೇಷ್ಟ್ರು ಎಂದಿನಂತೆ ಏನು ಕಾಣಿಸ್ತಿದೆ ಎಂದರು. ಎಲ್ಲಾ ಕಲಸಿಹೋಗಿದೆ ಸಾರ್, ಕೆಸರಿನ ಬಣ್ಣ ಆಗಿದೆ ಎಂದಳು ಹುಡುಗಿ.

ಹಲಗೆಯ ಈ ಕಡೆ ನನಗೆ ಎಲ್ಲವೂ ಕೇಳಿಸುತ್ತಿತ್ತು. ಮೇಷ್ಟ್ರು ಉಳಿದವರನ್ನು ಕೇಳಿದರು. ಉಳಿದವರಿಗೆಲ್ಲ ಅಣ್ಣಂದಿರು, ಅಕ್ಕಂದಿರು ಇದ್ದರು. ತಟ್ಟೆಯ ಪ್ರಯೋಗದಲ್ಲಿ ಏನು ಕಾಣಬೇಕು ಎಂಬುದು ಮನೆಮನೆಗೂ ಗೊತ್ತಿತ್ತು. ಕಲಸಿದೆ ಎಂದರೆ ಪ್ರಯೋಗ ಕೆಡಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ ಎಂಬ ಭಯವೂ ಇತ್ತು. ಗೆರೆ ಎಳೆದ ಹಾಗೆ ನಿಂತಿವೆ ಸಾರ್ ಎಂದು ಒಬ್ಬ ಹೇಳಿದ. ಆಮೇಲೆ ಕುರಿಮಂದೆಯ ಹಾಗೆ ಎಲ್ಲರೂ ಅದನ್ನೇ ಹೇಳಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಕಾಣದವರು ಹೇಗೆ ಪ್ರಮಾಣಿಸಬೇಕು? ಮೇಷ್ಟ್ರು ತಲೆ ಎಣಿಸಿದರು. ಒಂದು ಬಾಯಿ ಒಂದು ಕಡೆ, ಉಳಿದ ಬಾಯಿಗಳೆಲ್ಲ ಇನ್ನೊಂದು ಕಡೆ.

“ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ. ಗೋಡೆ ಕಡೆ ತಿರುಗಿ ನಿಂತ್ಕೊ, ಸುಳ್ಳಿ,” ಎಂದರು.

ಆ ಮಾತು ಹಲಗೆ ತೂರಿ ಬಂದು ನನ್ನ ತರಗತಿಗೂ ಕೇಳಿಸಿತು. ಅವತ್ತಿನಿಂದ ಅವಳ ಹೆಸರೇ ಸುಳ್ಳಿ. ಊಟದ ಹೊತ್ತಿನಲ್ಲಿ, ನಲ್ಲಿಯ ಹತ್ತಿರ, ಮನೆಗೆ ಹೋಗುವ ದಾರಿಯಲ್ಲಿ ಎಲ್ಲ ಕಡೆ ಸುಳ್ಳಿ. ಅವಳು ಗಂಟೆ ಎಷ್ಟು ಎಂದು ಹೇಳಿದರೂ ಒಂದು ಹಿಂಡು ಮಕ್ಕಳು ಗೋಡೆ ಗಡಿಯಾರದ ಹತ್ತಿರ ಓಡಿಹೋಗಿ ನಿಜವೋ ಸುಳ್ಳೋ ನೋಡಿ ಬಂದು ಕೇಕೆ ಹಾಕುತ್ತಿದ್ದವು. ಮಕ್ಕಳು ದೇವರ ಸಮಾನ ಎನ್ನುವವರು ಒಂದು ವಾರ ಶಾಲೆಯ ಅಂಗಳದಲ್ಲಿ ಬಂದು ನಿಲ್ಲಬೇಕು.

ಮೇಷ್ಟ್ರ ಗುಟ್ಟನ್ನು ಕಂಡುಹಿಡಿದದ್ದು ಅವಳಲ್ಲ, ಬೇಕರಿಯವನ ಮಗ. ಚಳಿಗಾಲದ ಮಿಠಾಯಿಯನ್ನು ಊರಿಗೆಲ್ಲ ಒದಗಿಸುವುದು ಅವನ ಅಪ್ಪನೇ. ಹುಡುಗ ದುಂಡಗೆ ಬೆಳೆದಿದ್ದ, ಬಾಯಿ ಜೋರು. ಮಿಠಾಯಿಯಲ್ಲಿಯೇ ಹೊರಳಾಡಿ ಬೆಳೆದವನಿಗೆ ಅದು ಕರಗುವುದನ್ನು ನೋಡುವುದರಲ್ಲಿ ಏನು ಸ್ವಾರಸ್ಯ? ಒಂದು ದಿನ ಬೇಜಾರಾಗಿ ತನ್ನ ಲೋಟಕ್ಕೆ ನೀರನ್ನೇ ಹಾಕದೆ ಪಟ್ಟೆ ಕಡ್ಡಿ ನಿಲ್ಲಿಸಿ, ಕರಗಿಹೋಯ್ತು ಸಾರ್ ಎಂದ. ಮೇಷ್ಟ್ರು ಲೋಟದ ಮೇಲೆ ಬಗ್ಗಿ, ತುಂಬಾ ಹೊತ್ತು ನೋಡಿದ ಹಾಗೆ ಮಾಡಿ, ಭೇಷ್ ಎಂದರು.

ಅಲ್ಲಿಂದ ಮಕ್ಕಳಿಗೆ ಆಟವೇ ಆಟ. ಮೇಷ್ಟ್ರ ಮೂಗಿನ ಎದುರಿಗೆ ನಾಲಿಗೆ ಚಾಚುವುದು, ಅವರ ಹಿಂದೆಯೇ ಅವರ ಹಾಗೆ ಬೆಂಚಿನ ಅಂಚು ಸವರಿಕೊಂಡು ನಡೆಯುವುದು. ಇಷ್ಟು ದಿನ ಮುಟ್ಟಬಾರದಾಗಿದ್ದ ಮಿಠಾಯಿಯನ್ನು ಅವರ ಎದುರಿಗೇ ಎತ್ತಿ ಬಾಯಿಗೆ ಹಾಕಿಕೊಂಡು, ಸದ್ದಾಗದಂತೆ ಚೀಪುತ್ತ, ಕರಗ್ತಾ ಇದೆ ಸಾರ್, ಕರಗ್ತಾ ಇದೆ ಎನ್ನುವುದು. ಆ ದಿನಗಳಲ್ಲಿ ಆ ಕೋಣೆಯಲ್ಲಿ ಗಲಾಟೆಯೇ ಇರಲಿಲ್ಲ. ಮೇಷ್ಟ್ರು ಟೀ ಹೊತ್ತಿನಲ್ಲಿ ಎದೆ ಉಬ್ಬಿಸಿ, ಈ ಸಲದ ಬ್ಯಾಚಿನಷ್ಟು ಶಿಸ್ತು ನಾನು ಕಂಡೇ ಇಲ್ಲ ಎಂದರು. ನನಗೂ ಹೊಟ್ಟೆಕಿಚ್ಚಾಯಿತು.

ದರ್ಜಿಯ ಮಗಳು ಆ ಆಟಕ್ಕೆ ಸೇರಲಿಲ್ಲ. ಅವಳನ್ನು ಸೇರಿಸಿಕೊಂಡವರೂ ಇಲ್ಲ.

ಇಷ್ಟರಲ್ಲಿ ಹೆಡ್ ಮೇಡಂ ಒಂದು ಸುದ್ದಿ ತಂದರು. ಶಿಕ್ಷಣ ಕಚೇರಿಯಿಂದ ಇಬ್ಬರು ಬರುತ್ತಾರೆ: ಒಬ್ಬ ಅಧಿಕಾರಿ, ಇನ್ನೊಬ್ಬರು ಶಿಕ್ಷಕರ ಕೈಪಿಡಿ ಬರೆಯುವ ಹೆಂಗಸು. ಮಕ್ಕಳಿಂದಲೇ ಪಾಠ ಹೊರಡಿಸುವ ಮೇಷ್ಟ್ರ ರೀತಿಯನ್ನು ಕಣ್ಣಾರೆ ನೋಡಿ ಎಲ್ಲ ಶಾಲೆಗಳಿಗೂ ಮಾದರಿ ಮಾಡಬೇಕೆಂದಿದ್ದಾರೆ. ಅವರಿಗೆ ಒಪ್ಪಿಗೆಯಾದರೆ ಮೇಷ್ಟ್ರನ್ನು ನಿವೃತ್ತಿಯಾದ ಮೇಲೂ ಕರೆಸಿಕೊಂಡು, ಬೇರೆ ಶಿಕ್ಷಕರಿಗೆ ಕಲಿಸಲು ಇದೇ ಕೋಣೆಯಲ್ಲಿ ಉಳಿಸಿಕೊಳ್ಳುತ್ತಾರೆ. ಮೇಷ್ಟ್ರ ಮುಖ ಅರಳಿದ್ದನ್ನು ನಾನು ನೋಡಿದೆ. ಹೆಂಡತಿ ಮಾತ್ರ ಬೇಡ ಎಂದಳಂತೆ. “ಇಷ್ಟು ದಿನ ಸಿಕ್ಕಿಹಾಕಿಕೊಳ್ಳದೆ ಬಂದಿದ್ದೀರಿ, ಹುಷಾರಿಲ್ಲ ಅಂತ ಹೇಳಿ ಮನೇಲಿರಿ. ಕಣ್ಣಿರೋರ ಎದುರಿಗೆ ನಿಮ್ಮ ಆಟ ನಡೆಯಲ್ಲ.” ಅವರು ಕೇಳಲಿಲ್ಲ. ಜೀವಮಾನದಲ್ಲಿ ಒಂದು ಸಲ ನನ್ನ ಪಾಠ ನೋಡೋಕೆ ಬರ್ತಿದ್ದಾರೆ ಎಂದು ಆ ಸಂಜೆಯೇ ಡಬ್ಬಿ ತುಂಬಿಸಿಕೊಂಡರು.

ಆ ದಿನ ನಾನೂ ಆ ಕೋಣೆಯಲ್ಲಿದ್ದೆ. ಬಂದವರಿಗೆ ಕುರ್ಚಿ ಹಾಕಿಸುವುದು, ಟೀ ಕೊಡಿಸುವುದು ಭಾಷಾ ಟೀಚರ್ ಕೆಲಸ ಎಂಬುದು ಹೆಡ್ ಮೇಡಂ ಅಭಿಪ್ರಾಯ. ಅತಿಥಿಗಳು ಹಿಂದೆ ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ಕೂತರು. ತಟ್ಟೆ ಅವರಿಗೆ ಕಾಣುತ್ತಿರಲಿಲ್ಲ, ಸುತ್ತಲೂ ಮಕ್ಕಳು ಮುತ್ತಿಕೊಂಡಿದ್ದರು. ಮೇಷ್ಟ್ರು ಖಾನೆ ಎಣಿಸಿ ಮಿಠಾಯಿ ಜೋಡಿಸಿದರು, ನೀರು ಹೊಯ್ದರು, ಕೇಳಿದರು. ಮಕ್ಕಳು ಹೇಳಿದರು. ಅಬ್ಬ, ಎಂಥ ಉತ್ತರಗಳು. ಕೆಂಪು ಹೊರಟಿದೆ ಸಾರ್. ಹಳದಿ ಅದರ ಪಕ್ಕ ನಿಂತಿದೆ ಸಾರ್, ಆದ್ರೆ ಒಳಗೆ ಹೋಗ್ತಿಲ್ಲ. ನೀಲಿ ಸ್ವಲ್ಪ ಸೋಮಾರಿ ಸಾರ್. ಅತಿಥಿಗಳು ನಕ್ಕರು. ಮೇಷ್ಟ್ರು ಒಂದೊಂದು ಉತ್ತರವನ್ನೂ ಹಿಡಿದು, ಸಕ್ಕರೆ ನೀರಿನಲ್ಲಿ ಹೇಗೆ ಹರಡುತ್ತದೆ, ಎರಡು ಬಣ್ಣದ ನೀರು ಏಕೆ ತಕ್ಷಣ ಬೆರೆಯುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಅಷ್ಟು ಚೆನ್ನಾಗಿ ಪಾಠ ಮಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಟೀ ತಟ್ಟೆ ಹಿಡಿದು ಮುಂದೆ ಹೋದಾಗ ಮಕ್ಕಳ ತಲೆಗಳ ನಡುವಿನಿಂದ ನನಗೆ ಮೇಜು ಕಂಡಿತು. ಬಿಳಿ ತಟ್ಟೆಯ ಸುತ್ತ ಬಿಳಿ ಮಿಠಾಯಿಗಳು. ನಡುವೆ ನೀರು. ಇನ್ನೇನೂ ಇಲ್ಲ. ಬೇಕರಿಯವನ ಮಗ ಅಪ್ಪನ ಅಂಗಡಿಯಿಂದ ಬಣ್ಣ ಹಾಕದ ಗುಂಡಿ ಮಿಠಾಯಿ ತಂದು, ಪ್ರಾರ್ಥನೆಯ ಹೊತ್ತಿನಲ್ಲಿ ಡಬ್ಬಿಯ ಒಂದೊಂದು ಖಾನೆಯನ್ನೂ ಬದಲಾಯಿಸಿದ್ದ. ಗಾತ್ರ ಅದೇ, ನುಣುಪು ಅದೇ, ಬೆರಳಿಗೆ ತಿಳಿಯುವಂಥದ್ದಲ್ಲ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಮೇಷ್ಟ್ರು ಆ ಬಿಳಿಯ ಮೇಲೆ ಬಗ್ಗಿ, ನೀಲಿಯ ಸೋಮಾರಿತನ ನೋಡಿ ಎನ್ನುತ್ತಿದ್ದರು. ಮಕ್ಕಳು ತುಟಿ ಕಚ್ಚಿ ನಗು ಹಿಡಿದುಕೊಂಡಿದ್ದರು. ಆಗ ಅರ್ಥವಾಯಿತು, ಮೇಷ್ಟ್ರಿಗೆ ಕಣ್ಣು ಕಾಣುತ್ತಿಲ್ಲ.

ಎಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಅತಿಥಿಗಳು ಎದ್ದು ತಟ್ಟೆಯ ಹತ್ತಿರ ಬರುವ ಮೊದಲು ಗಂಟೆ ಹೊಡೆದಿದ್ದರೆ ಹಾವೂ ಸಾಯದೆ ಕೋಲೂ ಮುರಿಯದೆ ದಿನ ಕಳೆಯುತ್ತಿತ್ತು. ಆದರೆ ಕೈಪಿಡಿ ಬರೆಯುವ ಹೆಂಗಸಿಗೆ ಒಂದು ಒಳ್ಳೆಯ ಗುಣವಿತ್ತು, ಸುಮ್ಮನಿರುವ ಮಗುವಿನ ಮೇಲೆ ಕಣ್ಣು. ಮೇಜಿನ ಪಕ್ಕದಲ್ಲಿರೋ ಹುಡುಗಿ ಒಂದು ಮಾತೂ ಆಡಿಲ್ಲ, ಅವಳನ್ನೂ ಕೇಳಿ ಎಂದಳು. ಸ್ವೆಟರಿಗೆ ದಾರ ಅಂಟಿದೆ ನೋಡಿ, ಆ ಹುಡುಗಿ.

ಮೇಷ್ಟ್ರು ಅವಳಿರುವ ಕಡೆ ತಿರುಗಿ, ಹೇಳಮ್ಮ, ಏನು ಕಾಣಿಸ್ತಿದೆ ಎಂದರು.

ಹುಡುಗಿ ತಟ್ಟೆ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಬೇಕರಿಯವನ ಮಗ ಮೇಜಿನ ಕೆಳಗಿನಿಂದ ಅವಳ ಕಾಲು ತುಳಿದ. ಒಂದು ಮಾತು ಸಾಕಿತ್ತು ಅವಳಿಗೆ. ಕೆಂಪು ಸಾರ್ ಎಂದಿದ್ದರೆ ಮೇಷ್ಟ್ರು ಮೆಚ್ಚುತ್ತಿದ್ದರು, ಮಕ್ಕಳು ಅವತ್ತೇ ಅವಳನ್ನು ಗುಂಪಿಗೆ ಸೇರಿಸಿಕೊಳ್ಳುತ್ತಿದ್ದರು.

“ಎಲ್ಲಾ ಬಿಳಿ ಸಾರ್. ಬಣ್ಣನೇ ಇಲ್ಲ,” ಎಂದಳು.

ಮೇಷ್ಟ್ರು ಅತಿಥಿಗಳ ಕಡೆ ತಿರುಗಿ ನಕ್ಕರು. ಪ್ರತಿ ತರಗತಿಯಲ್ಲೂ ಇಂಥದ್ದೊಂದು ಇರುತ್ತೆ, ಎಲ್ಲರೂ ತನ್ನ ನೋಡ್ಲಿ ಅಂತ ಇಲ್ಲದ್ದನ್ನ ಹೇಳೋದು, ನೀವು ತಪ್ಪು ತಿಳ್ಕೋಬೇಡಿ ಎಂದರು. ಆಮೇಲೆ ದನಿ ಗಟ್ಟಿ ಮಾಡಿ, ನಿನಗೆ ಒಂದು ಸಲ ಹೇಳಿದ್ದು ಸಾಲದಾ, ಹೋಗಿ ಗೋಡೆ ಕಡೆ ನಿಂತ್ಕೊ ಎಂದರು.

ಅವಳು ಹೋದಳು. ಇಲ್ಲ ಎನ್ನಲಿಲ್ಲ, ಅಳಲಿಲ್ಲ, ನೀವೇ ನೋಡಿ ಎಂದು ತಟ್ಟೆ ಎತ್ತಿ ತೋರಿಸಲಿಲ್ಲ. ಅತಿಥಿಗಳ ಕುರ್ಚಿಯ ಪಕ್ಕದಲ್ಲಿಯೇ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಅಧಿಕಾರಿ ಎದ್ದು ಬಂದು ತಟ್ಟೆ ನೋಡಿದ. ಹಿಡಿದಿಟ್ಟಿದ್ದ ನಗು ಆಗ ಒಡೆಯಿತು. ಮಕ್ಕಳು ಬೆಂಚು ಬಡಿದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮೇಷ್ಟ್ರಿಗೆ ಏಕೆಂದು ತಿಳಿಯದೆ ತಾವೂ ಸ್ವಲ್ಪ ನಕ್ಕರು.

“ಮೇಷ್ಟ್ರೇ, ಆ ಹುಡುಗಿ ಹೇಳಿದ್ದು ನಿಜ,” ಎಂದ ಅಧಿಕಾರಿ. ಕೈಪಿಡಿಯ ಹೆಂಗಸು ಹತ್ತಿರ ಬಂದು, ಬಹಳ ಮೆಲ್ಲಗೆ, ಬೇರೆಯವರಿಗೆ ಕೇಳಿಸಬಾರದು ಎಂಬ ಹಾಗೆ, ನನ್ನ ಕೋಟಿನ ಬಣ್ಣ ಯಾವುದು ಹೇಳ್ತೀರಾ ಎಂದು ಕೇಳಿದಳು. ಮಕ್ಕಳ ನಗು ಆಗಲೇ ನಿಂತಿತ್ತು, ಎಲ್ಲರಿಗೂ ಕೇಳಿಸಿತು.

ಮೇಷ್ಟ್ರು ಬಾಯಿ ತೆರೆದರು. ಆಮೇಲೆ ಅಭ್ಯಾಸಬಲದಿಂದ, ಎಂದಿನ ದನಿಯಲ್ಲಿಯೇ, “ಮಕ್ಕಳೇ, ಹೇಳಿ,” ಎಂದರು.

ಒಂದು ಮಗುವೂ ಹೇಳಲಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. ಮರುದಿನದಿಂದ ಮೇಷ್ಟ್ರು ಬರಲಿಲ್ಲ. ಕಚೇರಿಯವರು ಒಳ್ಳೆಯ ಮಾತಿನಲ್ಲಿಯೇ ಮನೆಗೆ ಕಳಿಸಿದರು, ಅವರ ತರಗತಿಯನ್ನು ಹೆಡ್ ಮೇಡಂ ನನ್ನ ತಲೆಗೆ ಕಟ್ಟಿದರು. ಹಲಗೆ ಸರಿಸಿ ಎರಡು ಕೋಣೆ ಒಂದು ಮಾಡಿದರು. ಬೇಕರಿಯವನ ಮಗನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಶಾಲೆಯ ಸಮಾರಂಭಗಳಿಗೆಲ್ಲ ಅವನ ಅಪ್ಪನೇ ತಿಂಡಿ ಕಳಿಸುವುದು. ಶಿಕ್ಷೆಯಾದದ್ದು ದರ್ಜಿಯ ಮಗಳಿಗೆ. ಸಾರ್ ಕೆಲಸ ಹೋದದ್ದು ಇವಳು ಬಾಯಿ ಬಿಟ್ಟದ್ದರಿಂದ ಎಂದು ಮಕ್ಕಳು ತೀರ್ಮಾನ ಮಾಡಿದವು. ಮೇಷ್ಟ್ರ ಬೆನ್ನ ಹಿಂದೆ ಕುಣಿದವರೇ ಈಗ ಮೇಷ್ಟ್ರಿಗಾಗಿ ಕಣ್ಣೀರು ಹಾಕಿದರು. ಅವಳ ಚೀಲಕ್ಕೆ ಮಸಿ ಸುರಿದರು. ನಾನು ಬೈದೆ, ಹೊಡೆಯುವುದೊಂದು ಬಾಕಿ. ಬೈದಷ್ಟೂ ಅವಳಿಗೇ ಕಾಟ ಹೆಚ್ಚಾಯಿತು. ಒಂದು ಬೆಳಿಗ್ಗೆ ದರ್ಜಿ ಬಂದು, ನನ್ನ ಮಗಳು ಇಲ್ಲಿ ಬೇಡ ಮೇಡಂ ಎಂದಷ್ಟೇ ಹೇಳಿ, ಅವಳನ್ನು ಕರೆದುಕೊಂಡು ಹೋದ. ಹೊಲಿಗೆ ಯಂತ್ರ ಎತ್ತಿಕೊಂಡು ಸಂಸಾರ ಬೇರೆ ಊರು ಸೇರಿತು ಎಂದು ಆಮೇಲೆ ಕೇಳಿದೆ.

ಅವಳು ಕೂರುತ್ತಿದ್ದ ಜಾಗಕ್ಕೆ ಹೊಸದಾಗಿ ಸೇರಿದ ಒಂದು ಮಗುವನ್ನು ಕೂರಿಸಿದೆ. ಪುಟ್ಟ ಹುಡುಗಿ, ಇನ್ನೂ ಯಾರ ಪರಿಚಯವೂ ಇಲ್ಲ, ಕರೆದರೆ ಬೆಚ್ಚುತ್ತಿದ್ದಳು.

ಬಿಸಿಲು ಬಲಿಯುತ್ತಿದ್ದ ಒಂದು ಮಧ್ಯಾಹ್ನ ಮೇಷ್ಟ್ರು ಬಂದರು. ಅವರ ಕಪಾಟಿನಲ್ಲಿದ್ದ ಸಾಮಾನು ಒಯ್ಯಲು ಬಂದದ್ದು ಎಂದು ಹೆಂಡತಿ ಹೆಡ್ ಮೇಡಂ ಹತ್ತಿರ ಹೇಳುತ್ತಿದ್ದಳು. ನಾನು ಕಚೇರಿಯಲ್ಲಿ ಸೀಮೆಸುಣ್ಣ ತೆಗೆದುಕೊಳ್ಳುತ್ತಿದ್ದೆ. ಆಕೆ ಆಡುತ್ತಿದ್ದ ಮಾತು ಮುಗಿಯುವ ಮೊದಲೇ ಮೇಷ್ಟ್ರು ಗೋಡೆ ಸವರಿಕೊಂಡು ತರಗತಿಯ ಕಡೆ ಹೊರಟುಹೋಗಿದ್ದರು. ಆ ದಾರಿ ಅವರಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ನಾನು ಬಾಗಿಲಿಗೆ ಬರುವ ಹೊತ್ತಿಗೆ ಅವರು ಒಳಗೆ ನಿಂತಿದ್ದರು, ದರ್ಜಿಯ ಮಗಳ ಜಾಗದ ಎದುರಿಗೆ, ಅಲ್ಲಿ ಕೂತಿದ್ದ ಆಕಾರಕ್ಕೆ ಕೈಮುಗಿದುಕೊಂಡು.

“...ಎರಡು ಸಲ. ಎರಡು ಸಲವೂ ನೀನು ಹೇಳಿದ್ದೇ ನಿಜ. ಅವತ್ತು ನನಗೆ ಕಾಣ್ತಿಲ್ಲ ಅಂತ ಒಪ್ಕೊಂಡಿದ್ರೆ ಸಾಕಿತ್ತು, ನಿನ್ನ ಗೋಡೆ ಹತ್ರ ಕಳಿಸ್ಬೇಕಾಗಿರ್ಲಿಲ್ಲ. ನನ್ನ ಜಾಗ ಉಳಿಸ್ಕೊಳ್ಳೋಕೆ ನಿನ್ನ ಸುಳ್ಳಿ ಮಾಡ್ದೆ. ತಪ್ಪಾಯ್ತಮ್ಮ. ನೀನು ಮಾತಾಡ್ಬೇಕಾಗಿಲ್ಲ. ಹ್ಞೂಂ ಅನ್ನು ಸಾಕು.”

ಹೊಸ ಮಗು ಬೆಂಚಿಗೆ ಅಂಟಿಕೊಂಡು ಕೂತಿತ್ತು. ಯಾರೋ ದೊಡ್ಡವರು ತನ್ನೆದುರು ಕೈಮುಗಿದು ನಿಂತಿದ್ದಾರೆ, ಏನೋ ಕೇಳುತ್ತಿದ್ದಾರೆ. ಏನೆಂದು ತಿಳಿಯದೆ ಹೆದರಿ ತಲೆ ಅಲ್ಲಾಡಿಸಿತು. ಅದರ ಸುತ್ತಲೂ ಇಡೀ ತರಗತಿ ಕೂತಿತ್ತು. ಬೇಕರಿಯವನ ಮಗ ಕೂತಿದ್ದ. ಒಬ್ಬರಾದರೂ ಅದು ಅವಳಲ್ಲ ಸಾರ್ ಎನ್ನಲಿಲ್ಲ. ನಗಲೂ ಇಲ್ಲ.

ನಾನು ಅವರ ತೋಳು ಹಿಡಿದು ಹೊರಗೆ ಕರೆತಂದೆ. ಅಂಗಳ ದಾಟುವಾಗ ಅವರು, ಹ್ಞೂಂ ಅಂದಿದ್ದು ಕೇಳಿಸ್ಲಿಲ್ಲ ಟೀಚರ್, ತಲೆಯಾದ್ರೂ ಅಲ್ಲಾಡಿಸಿದ್ಳಾ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿದ್ದೆನೇನೋ.

“ಅಲ್ಲಾಡಿಸ್ತು. ಆದ್ರೆ ಅದು ಅವಳಲ್ಲ ಮೇಷ್ಟ್ರೇ. ಹೊಸ ಮಗು. ಅವಳು ಶಾಲೆ ಬಿಟ್ಟು ಹೋದ್ಳು, ಊರೇ ಬಿಟ್ಟು ಹೋದ್ರು.”

ಅವರು ನಿಂತರು. ಅದು ಅವಳಲ್ಲ ಅಂತ ಮಕ್ಕಳಿಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ಎಲ್ಲಿಗೆ ಹೋದರು ಎಂದು ಕೇಳಿದರು. ನನಗೆ ತಿಳಿಯದು ಎಂದೆ, ತಿಳಿದಿರಲೂ ಇಲ್ಲ.

ಗೇಟಿನ ಹತ್ತಿರ ಹೆಂಡತಿ ಸಾಮಾನಿನ ಚೀಲ ಹಿಡಿದು ಕಾಯುತ್ತಿದ್ದಳು. ಇದಕ್ಕಾಗಿಯೇ ಅವರು ಬಂದದ್ದು, ಸಾಮಾನು ಒಂದು ನೆಪ ಎಂದು ಆಕೆಯ ಮುಖ ನೋಡಿದರೆ ತಿಳಿಯುತ್ತಿತ್ತು. ಇಷ್ಟು ದಿನ ಮನೆಯಲ್ಲಿ ಅವರು ಉಂಡಿಲ್ಲ, ಮಲಗಿಲ್ಲ, ಅದೇ ಒಂದನ್ನು ಹಿಡಿದು ಕೂತಿದ್ದಾರೆ ಎಂದು ಆಕೆ ಕಚೇರಿಯಲ್ಲಿ ಹೇಳಿಕೊಂಡಿದ್ದಳು. ಈಗ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿ, ಗಂಡನ ತೋಳು ತೆಗೆದುಕೊಂಡು, ಸಿಕ್ಕಿದ್ಳಾ, ಏನಂದ್ಳು ಎಂದು ಕೇಳಿದಳು.

“ತಲೆ ಅಲ್ಲಾಡಿಸಿದ್ಳು,” ಎಂದರು ಮೇಷ್ಟ್ರು.

ಆಕೆ, ಸದ್ಯ ಎಂದು ಉಸಿರು ಬಿಟ್ಟಳು. ಇನ್ನಾದ್ರೂ ಹೊಟ್ಟೆಗೆ ಸರಿಯಾಗಿ ತಿನ್ನಿ ಎಂದು ಗದರಿ, ಅವರನ್ನು ರಸ್ತೆಯ ಅಂಚಿಗೆ ಕರೆದುಕೊಂಡು ಹೋದಳು. ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. ಒಳಗೆ ಮಕ್ಕಳು ಗದ್ದಲ ಶುರುಮಾಡಿದ್ದವು. ನಾನು ತರಗತಿಗೆ ವಾಪಸ್ಸು ಹೋಗಿ, ಅಳುತ್ತಿದ್ದ ಆ ಹೊಸ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮುಂದುವರಿಸಿದೆ.